ಸ್ಥಿರ ವಿದ್ಯುತ್ ಪ್ರಯೋಗಕ್ಕೆ ಸರಿಯಾದ ಅವಾಹಕ ಆರಿಸುವುದು ಹೇಗೆ?

ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಣ ಮರದ ತುಂಡಿಗೆ ಒತ್ತಿ ನೋಡಿ. ರೋಧ ಅಳತೆಗೆ ಸಿಗದಷ್ಟು ಜಾಸ್ತಿ ಅಂತ ತೋರಿಸುತ್ತದೆ. ಈಗ ಟೆಫ್ಲಾನ್ ತುಂಡಿಗೆ ಒತ್ತಿ. ಅದೇ ಉತ್ತರ. ಗಾಜು, ಹತ್ತಿ ದಾರ, ರಟ್ಟು, ಎಲ್ಲಕ್ಕೂ ಅದೇ ಉತ್ತರ. ಮೀಟರಿನ ಲೆಕ್ಕದಲ್ಲಿ ಇವೆಲ್ಲ ಒಂದೇ ಜಾತಿ. ಆದರೆ ಚಾರ್ಜ್ ತುಂಬಿದ ಲೋಹದ ಗುಂಡನ್ನು ಮರದ ಕಡ್ಡಿಯ ಮೇಲೆ ನಿಲ್ಲಿಸಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಚಾರ್ಜ್ ಖಾಲಿ. ಟೆಫ್ಲಾನ್ ಮೇಲೆ ನಿಲ್ಲಿಸಿದರೆ ಬಹಳ ಹೊತ್ತು ಉಳಿಯುತ್ತದೆ.

ಮನೆಯಲ್ಲೇ ಎಲೆಕ್ಟ್ರೋಸ್ಕೋಪ್, ಎಲೆಕ್ಟ್ರೋಫೋರಸ್, ಲೇಡನ್ ಜಾಡಿ ಅಥವಾ ಪುಟ್ಟ ವ್ಯಾನ್ ಡಿ ಗ್ರಾಫ್ ಯಂತ್ರ ಮಾಡಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ. (ಎಲೆಕ್ಟ್ರೋಸ್ಕೋಪ್ ಅಂದರೆ ಚಾರ್ಜ್ ಬಂದಾಗ ದೂರ ಸರಿಯುವ ಎರಡು ತೆಳು ಲೋಹದ ಎಲೆಗಳಿಂದ ಚಾರ್ಜನ್ನು ತೋರಿಸುವ ಸಾಧನ. ಎಲೆಕ್ಟ್ರೋಫೋರಸ್ ಉಜ್ಜಿದ ಅವಾಹಕದ ಹಲಗೆಯ ನೆರವಿನಿಂದ ಲೋಹದ ತಟ್ಟೆಗೆ ಮತ್ತೆ ಮತ್ತೆ ಚಾರ್ಜ್ ಕೊಡುವಂಥದ್ದು. ಲೇಡನ್ ಜಾಡಿ ಒಳಗೂ ಹೊರಗೂ ಲೋಹದ ಹಾಳೆ ಹೊದಿಸಿ ಚಾರ್ಜ್ ಕೂಡಿಡುವ ಜಾಡಿ. ವ್ಯಾನ್ ಡಿ ಗ್ರಾಫ್ ಯಂತ್ರ ತಿರುಗುವ ಪಟ್ಟಿಯಿಂದ ಲೋಹದ ಗುಂಡಿಗೆ ಚಾರ್ಜ್ ತುಂಬುತ್ತದೆ.) ತಂತಿ, ಫಾಯಿಲ್, ಗುಂಡು ಎಲ್ಲ ಚೆನ್ನಾಗಿರುತ್ತವೆ. ಅವನ್ನು ಹಿಡಿದಿಟ್ಟ ವಸ್ತು ಮಾತ್ರ ಸದ್ದಿಲ್ಲದೆ ಚಾರ್ಜನ್ನು ಸೋರಿಸುತ್ತಿರುತ್ತದೆ. ಯಾವ ವಸ್ತು ಅನ್ನುವುದರಷ್ಟೇ ಅದರ ಮೈ ಹೇಗಿದೆ ಅನ್ನುವುದೂ ಮುಖ್ಯ. ಎಷ್ಟೋ ಸಲ ಮೈಯೇ ಹೆಚ್ಚು ಮುಖ್ಯ. ಈ ಲೇಖನದ ಉದ್ದಕ್ಕೂ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಹಂತ 1: ಎಷ್ಟು ರೋಧ ಬೇಕು ಅಂತ ಲೆಕ್ಕ ಹಾಕಿ

ಮನೆಯ ವೈರಿಂಗ್‌ನಲ್ಲಿ ಕೆಲವು ಕೋಟಿ ಓಮ್ ರೋಧವಿದ್ದರೆ ಅದು ಒಳ್ಳೆಯ ಇನ್ಸುಲೇಷನ್. ಸ್ವಲ್ಪ ಸೋರಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಸೋರಿದ್ದನ್ನು ಮೇನ್ಸ್ ಸದಾ ತುಂಬಿಕೊಡುತ್ತಿರುತ್ತದೆ. ನಮ್ಮ ಪ್ರಯೋಗದಲ್ಲಿ ತುಂಬಿಕೊಡಲು ಏನೂ ಇಲ್ಲ. ಉಜ್ಜಿ ಒಮ್ಮೆ ಕೊಟ್ಟ ಚಾರ್ಜ್ ಎಷ್ಟೋ ಅಷ್ಟೇ.

ಒಂದು ಪುಟ್ಟ ಎಲೆಕ್ಟ್ರೋಸ್ಕೋಪಿನ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಸಾಮರ್ಥ್ಯ, ಸುಮಾರು 10 ಪಿಕೋಫ್ಯಾರಡ್ ಅಂತ ಇಟ್ಟುಕೊಳ್ಳಿ. ಇದನ್ನು ಸೋರುವ ದಾರಿಯ ರೋಧದಿಂದ ಗುಣಿಸಿದರೆ, ಚಾರ್ಜ್ ಮೂರನೇ ಒಂದು ಭಾಗಕ್ಕೆ ಇಳಿಯಲು ಹೆಚ್ಚುಕಡಿಮೆ ಎಷ್ಟು ಹೊತ್ತು ಬೇಕು ಅನ್ನುವುದು ಸಿಗುತ್ತದೆ. ರೋಧ 100 ಕೋಟಿ ಓಮ್ ಇದ್ದರೆ ಆ ಹೊತ್ತು ಸೆಕೆಂಡಿನ ನೂರನೇ ಒಂದು ಭಾಗ. ಒಂದು ಲಕ್ಷ ಕೋಟಿ ಓಮ್ ಇದ್ದರೆ 10 ಸೆಕೆಂಡ್. ಕೋಟಿ ಕೋಟಿ ಓಮ್, ಅಂದರೆ 1ರ ಮುಂದೆ 14 ಸೊನ್ನೆ, ಇದ್ದರೆ 1,000 ಸೆಕೆಂಡ್. ಅದು ಕಾಲು ಗಂಟೆಗೂ ಸ್ವಲ್ಪ ಜಾಸ್ತಿ.

ಹಾಗಾಗಿ ಆರಾಮವಾಗಿ ಕುಳಿತು ನೋಡುವಂಥ ಪ್ರಯೋಗಕ್ಕೆ ಲಕ್ಷ ಕೋಟಿ ಓಮ್‌ನ ಮೇಲೆ, ಆದಷ್ಟು ಮೇಲೆ ಬೇಕು. ಸಾಮಾನ್ಯ ಮಲ್ಟಿಮೀಟರ್ ಕೆಲವು ಕೋಟಿ ಓಮ್‌ಗೇ ಕೈ ಚೆಲ್ಲುತ್ತದೆ. ಅದು ಒತ್ತುವುದೂ ಬ್ಯಾಟರಿಯ ಕೆಲವೇ ವೋಲ್ಟ್. ನಮ್ಮ ಗುಂಡಿನ ಮೇಲಿರುವುದು ಸಾವಿರಾರು ವೋಲ್ಟ್. ಆ ಮೀಟರನ್ನು ಇಲ್ಲಿಗೆ ತರಬೇಡಿ.

ಹಂತ 2: ಆ ವಸ್ತು ಮಾಡಬೇಕಾದ ಕೆಲಸ ಯಾವುದು ಅಂತ ತೀರ್ಮಾನಿಸಿ

ಸ್ಥಿರ ವಿದ್ಯುತ್ ಪ್ರಯೋಗದಲ್ಲಿ ಅವಾಹಕಕ್ಕೆ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದು, ಚಾರ್ಜ್ ಆದ ಲೋಹವನ್ನು ಎತ್ತಿ ಹಿಡಿಯುವುದು. ಇನ್ನೊಂದು, ತಾನೇ ಉಜ್ಜಿಸಿಕೊಂಡು ಚಾರ್ಜ್ ಹುಟ್ಟಿಸುವುದು. ಮತ್ತೊಂದು, ಎರಡು ಲೋಹದ ಹಾಳೆಗಳ ನಡುವೆ ಕುಳಿತು ಕಿಡಿ ತೂರಿ ಹೋಗದಂತೆ ತಡೆಯುವುದು.

ಒಂದು ಕೆಲಸಕ್ಕೆ ಒಳ್ಳೆಯದು ಇನ್ನೊಂದಕ್ಕೆ ತೊಂದರೆ ಕೊಡಬಹುದು. ಟೆಫ್ಲಾನ್ ಅನ್ನೇ ನೋಡಿ. ಸೋರಿಕೆಯ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಸುಮ್ನೆ ಬಟ್ಟೆ ತಾಗಿದರೂ ಅದು ತಾನೇ ಚಾರ್ಜ್ ಆಗುತ್ತದೆ, ಆ ಚಾರ್ಜನ್ನು ಬಿಡುವುದೂ ಇಲ್ಲ. ಎಲೆಕ್ಟ್ರೋಸ್ಕೋಪಿನ ಮುಚ್ಚಳಕ್ಕೆ ಅದನ್ನು ಹಾಕಿದರೆ, ನಾವು ಏನೂ ಚಾರ್ಜ್ ಕೊಡದೆಯೇ ಎಲೆಗಳು ಬಿಚ್ಚಿಕೊಂಡು ನಿಲ್ಲಬಹುದು. ಎಲೆಕ್ಟ್ರೋಫೋರಸಿನ ಅಡಿ ಹಲಗೆಗೆ ಬೇಕಾಗಿರುವುದು ಇದೇ ಗುಣ. ಅಲ್ಲಿ ಟೆಫ್ಲಾನ್ ಹಾಳೆ ಅದ್ಭುತವಾಗಿ ಕೆಲಸ ಮಾಡುತ್ತದೆ.

ಕಾಗದದ ಮೇಲೆ ನಿಮ್ಮ ಸಾಧನದ ಚಿತ್ರ ಬರೆದು, ಪ್ರತಿ ಅವಾಹಕದ ಪಕ್ಕ ಅದರ ಕೆಲಸ ಬರೆಯಿರಿ. ಆಮೇಲೆ ವಸ್ತು ಹುಡುಕಿ.

ಹಂತ 3: ಪರೀಕ್ಷೆಗೆ ಒಂದು ಎಲೆಕ್ಟ್ರೋಸ್ಕೋಪ್ ಮಾಡಿಕೊಳ್ಳಿ

ಯಾವ ಪಟ್ಟಿಗಿಂತಲೂ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪಟ್ಟಿಯಲ್ಲಿ ಇರುವುದು ಶುದ್ಧ ವಸ್ತುವಿನ ಅಂಕಿ. ನಿಮ್ಮ ಕೈಯಲ್ಲಿರುವ ತುಂಡಿನಲ್ಲಿ ಬಣ್ಣ, ತುಂಬುಪುಡಿ (ಪ್ಲಾಸ್ಟಿಕ್ಕಿಗೆ ಬೆರೆಸುವ ಅಗ್ಗದ ಪುಡಿ), ಬೆವರಿನ ಕಲೆ ಎಲ್ಲ ಸೇರಿರುತ್ತವೆ.

ಅಗಲ ಬಾಯಿಯ ಪಾರದರ್ಶಕ ಜಾಡಿ ತೆಗೆದುಕೊಳ್ಳಿ. ಅದರ ಮುಚ್ಚಳದ ಜಾಗದಲ್ಲಿ ದಪ್ಪ ಥರ್ಮಾಕೋಲ್ ತುಂಡನ್ನು ಬಿಗಿಯಾಗಿ ಕೂರಿಸಿ, ನಡುವೆ ಒಂದು ಗಟ್ಟಿ ತಂತಿ ತೂರಿಸಿ. ತಂತಿಯ ಕೆಳ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ, ತೆಳುವಾದ ಅಲ್ಯೂಮಿನಿಯಂ ಫಾಯಿಲಿನ ಎರಡು ಪಟ್ಟಿಗಳನ್ನು ತೂಗು ಹಾಕಿ. ಪಟ್ಟಿ ಸುಮಾರು 5 ಮಿಲಿಮೀಟರ್ ಅಗಲ, 4 ಸೆಂಟಿಮೀಟರ್ ಉದ್ದ ಇದ್ದರೆ ಸಾಕು. ಅವು ಸಲೀಸಾಗಿ ಓಲಾಡಬೇಕು, ಸುಕ್ಕು ಇರಬಾರದು. ತಂತಿಯ ಮೇಲ್ತುದಿಗೆ ಫಾಯಿಲನ್ನು ಉಂಡೆ ಕಟ್ಟಿ ಸಿಕ್ಕಿಸಿ, ಬೆರಳಿನಿಂದ ಒತ್ತಿ ಒತ್ತಿ ನುಣ್ಣಗೆ ಮಾಡಿ. ಚೂಪಾದ ಮೂಲೆ ಎಲ್ಲೂ ಉಳಿಯಬಾರದು.

ಉಣ್ಣೆ ಬಟ್ಟೆಯಿಂದ ಉಜ್ಜಿದ ಪಿವಿಸಿ ಪೈಪನ್ನು ಉಂಡೆಯ ಮೇಲೆ ಎಳೆದು ಚಾರ್ಜ್ ಕೊಡಿ. ಎಲೆಗಳು ದೂರ ಸರಿಯುತ್ತವೆ. ಈಗ ಏನನ್ನೂ ಮುಟ್ಟದೆ, ಅವು ಬೀಳಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ನಿಮಿಷಗಟ್ಟಲೆ ನಿಂತರೆ ಸಾಧನ ಪರೀಕ್ಷೆಗೆ ತಯಾರು. ಬೇಗ ಬಿದ್ದರೆ ಮೊದಲು ಅದರ ಮುಚ್ಚಳವನ್ನೇ ಸರಿ ಮಾಡಬೇಕು.

ಇನ್ನು ಪರೀಕ್ಷೆ. ನೋಡಬೇಕಾದ ತುಂಡನ್ನು ಒಂದು ತುದಿಯಲ್ಲಿ ಹಿಡಿಯಿರಿ. ಇನ್ನೊಂದು ತುದಿಯನ್ನು, ನಿಮ್ಮ ಬೆರಳಿಂದ 5 ಸೆಂಟಿಮೀಟರ್ ದೂರದ ಜಾಗವನ್ನು, ಚಾರ್ಜ್ ಆದ ಉಂಡೆಗೆ ಮುಟ್ಟಿಸಿ. ನಿಮ್ಮ ಮೈ ನೆಲಕ್ಕೆ ಹೋಗುವ ದಾರಿ. ತುಂಡು ಚಾರ್ಜನ್ನು ಬಿಟ್ಟುಕೊಟ್ಟರೆ ಎಲೆ ಬೀಳುತ್ತದೆ.

ಮರದ ಪೆನ್ಸಿಲ್ ಮುಟ್ಟಿಸಿದರೆ ಎಲೆಗಳು ಪಟ್ಟನೆ ಬೀಳುತ್ತವೆ. ರಟ್ಟೂ ಹಾಗೆಯೇ. ಹತ್ತಿ ದಾರದ ತುಂಡಾದರೆ ಸಾಮಾನ್ಯವಾಗಿ ಕೆಲವೇ ಕ್ಷಣ ತಡೆದು ಬೀಳುತ್ತವೆ. ಒರೆಸದ ಗಾಜಿನ ಕಡ್ಡಿಗೆ ತೇವದ ದಿನ ಮೆಲ್ಲಗೆ, ಕಣ್ಣಿಗೆ ಕಾಣುವಂತೆ ಇಳಿಯುತ್ತವೆ. ಒಳ್ಳೆಯ ಪಾಲಿಥೀನ್ ಕಡ್ಡಿ ಮುಟ್ಟಿಸಿದರೆ ಎಲೆಗಳು ಇದ್ದಲ್ಲೇ ಇರುತ್ತವೆ. ಮೊದಲ ಬಾರಿಗೆ ಇದನ್ನು ನೋಡುವುದು ನಿಜಕ್ಕೂ ಖುಷಿಯ ವಿಷಯ. ಮೀಟರ್ ಕಾಣದ ವ್ಯತ್ಯಾಸವನ್ನು ಎರಡು ಫಾಯಿಲ್ ಚೂರುಗಳು ತೋರಿಸಿಬಿಡುತ್ತವೆ!

ಒಂದು ಎಚ್ಚರಿಕೆ. ತುಂಡು ಮೊದಲೇ ಚಾರ್ಜ್ ಆಗಿದ್ದರೆ ಎಲೆಗಳು ತಪ್ಪು ಹೇಳುತ್ತವೆ. ಮುಟ್ಟಿಸುವ ಮುಂಚೆ ಸುಮ್ನೆ ಹತ್ತಿರ ತನ್ನಿ. ದೂರದಿಂದಲೇ ಎಲೆ ಅಲುಗಿದರೆ ತುಂಡಿನಲ್ಲಿ ಚಾರ್ಜ್ ಇದೆ ಅಂತ ಅರ್ಥ. ಮೇಣದ ಬತ್ತಿಯ ಜ್ವಾಲೆಯ ಮೇಲೆ, ಕರಗದಷ್ಟು ಎತ್ತರದಲ್ಲಿ, ಬೇಗನೆ ಒಮ್ಮೆ ಆಡಿಸಿ. ಜ್ವಾಲೆಯಿಂದ ಏಳುವ ಗಾಳಿಯಲ್ಲಿ ಎರಡೂ ಬಗೆಯ ಅಯಾನುಗಳಿರುತ್ತವೆ, ಅವು ಚಾರ್ಜನ್ನು ಅಳಿಸುತ್ತವೆ. ಥರ್ಮಾಕೋಲ್ ಮತ್ತು ತೆಳು ಹಾಳೆಗಳಿಗೆ ಇದು ಬೇಡ, ಹತ್ತಿಕೊಳ್ಳುತ್ತವೆ. ಅವುಗಳ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟು, ಒಣಗುವವರೆಗೆ ಕಾಯಿರಿ.

ಹಂತ 4: ಎತ್ತಿ ಹಿಡಿಯುವ ವಸ್ತು ಆರಿಸಿ

ಪಾಲಿಥೀನ್ ನನ್ನ ಮೊದಲ ಆಯ್ಕೆ. ಸೋರಿಕೆ ತೀರಾ ಕಡಿಮೆ, ನೀರು ಹೀರುವುದಿಲ್ಲ, ಚಾಕುವಿನಿಂದ ಕತ್ತರಿಸಬಹುದು, ಡ್ರಿಲ್ ಮಾಡಬಹುದು. ಬಿಳಿ ಕಟಿಂಗ್ ಬೋರ್ಡ್‌ಗಳು ಹೆಚ್ಚಾಗಿ ಇದೇ ವಸ್ತುವಿನವು. ಪಾಲಿಪ್ರೊಪಿಲೀನ್ ಕೂಡ ಇದರ ಅಣ್ಣತಮ್ಮನೇ. ಆಹಾರದ ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ 5 ಅಂತ ಇದ್ದರೆ ಅದು ಪಾಲಿಪ್ರೊಪಿಲೀನ್. 2 ಅಥವಾ 4 ಇದ್ದರೆ ಪಾಲಿಥೀನ್, 6 ಇದ್ದರೆ ಪಾಲಿಸ್ಟೈರೀನ್. ಈ ಅಂಕಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಿಸಾಡುವ ಡಬ್ಬಿಗಳಲ್ಲೇ ಅರ್ಧ ಸಾಮಾನು ಸಿಗುತ್ತದೆ. ಪಾಲಿಥೀನ್ ಗುಂಪಿಗೆ ಒಂದೇ ಕೊರತೆ, ಅಂಟು ಹಿಡಿಯುವುದಿಲ್ಲ. ತೂತು ಕೊರೆದು ಬಿಗಿಯಾಗಿ ತುರುಕಬೇಕು, ಇಲ್ಲ ಸ್ಕ್ರೂ ಹಾಕಬೇಕು.

ಟೆಫ್ಲಾನ್ 1938ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಕೈಗೆ ಅನಿರೀಕ್ಷಿತವಾಗಿ ಸಿಕ್ಕ ವಸ್ತು. ಅದರ ಮೈ ಮೇಲೆ ನೀರು ಹರಡುವುದಿಲ್ಲ, ಹನಿಯಾಗಿ ನಿಲ್ಲುತ್ತದೆ. ತೇವದ ದಿನದಲ್ಲೂ ಅದು ಕೈ ಕೊಡದಿರುವುದು ಇದೇ ಕಾರಣಕ್ಕೆ. ಅಂಟು ಇದಕ್ಕೂ ಹಿಡಿಯುವುದಿಲ್ಲ. ಜೊತೆಗೆ ಮೆತ್ತಗಿದೆ, ಒತ್ತಡ ಬಿದ್ದಲ್ಲಿ ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಸರಿದು ಆಕಾರ ಬದಲಿಸುತ್ತದೆ. ಇಂದು ಬಿಗಿ ಮಾಡಿದ ಸ್ಕ್ರೂ ಕೆಲವು ವಾರಗಳಲ್ಲಿ ಸಡಿಲ. ಭಾರ ಹೊರುವ ಕಂಬಕ್ಕೆ ಬೇಡ. ತಂತಿ ಹಾದುಹೋಗುವ ತೂತಿನ ಒಳಗೆ ಕೊಳವೆಯಾಗಿ ಹಾಕಲು ಮಾತ್ರ ಇದಕ್ಕಿಂತ ಒಳ್ಳೆಯದಿಲ್ಲ. ಕೊಳಾಯಿ ಕೆಲಸದ ಬಿಳಿ ಟೇಪನ್ನು ದಪ್ಪಗೆ ಸುತ್ತಿದರೂ ಕೆಲಸ ನಡೆಯುತ್ತದೆ.

ಪ್ಯಾರಾಫಿನ್ ಮೇಣ. ಇದರ ಬಗ್ಗೆ ಜನ ಮಾತಾಡುವುದೇ ಕಡಿಮೆ, ಆದರೆ ಮನೆಯ ಪ್ರಯೋಗಕ್ಕೆ ಇದು ದೊಡ್ಡ ವರ. ರೋಧದಲ್ಲಿ ಒಳ್ಳೆಯ ಪ್ಲಾಸ್ಟಿಕ್‌ಗಳ ಸಾಲಿನಲ್ಲೇ ನಿಲ್ಲುತ್ತದೆ. ನೀರನ್ನು ಹತ್ತಿರ ಸೇರಿಸುವುದಿಲ್ಲ. ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಬಣ್ಣ, ಪರಿಮಳ ಬೆರೆಸದ ಬಿಳಿ ಮೇಣ ತೆಗೆದುಕೊಳ್ಳಿ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಉರಿಯ ಮೇಲೆ ಎಂದೂ ಇಡಬೇಡಿ, ಮೇಣದ ಆವಿ ಹೊತ್ತಿಕೊಳ್ಳುತ್ತದೆ. ಜಾಡಿಯ ಬಾಯಿಗೆ ತಳದಿಂದ ರಟ್ಟು ಕೊಟ್ಟು, ನಡುವೆ ತಂತಿ ನೆಟ್ಟಗೆ ನಿಲ್ಲಿಸಿ, 2 ಸೆಂಟಿಮೀಟರ್ ದಪ್ಪಕ್ಕೆ ಸುರಿಯಿರಿ. ಆರುವಾಗ ಮೇಣ ಕುಗ್ಗುತ್ತದೆ, ತಂತಿಯ ಸುತ್ತ ಗುಳಿ ಬೀಳುತ್ತದೆ. ಅದನ್ನು ಇನ್ನೊಂದು ಸಲ ಸುರಿದು ತುಂಬಿ. ರಟ್ಟನ್ನು ಕೊನೆಗೆ ಮರೆಯದೆ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ರಟ್ಟಿನ ಮೂಲಕವೇ ಚಾರ್ಜ್ ಸೋರುತ್ತದೆ. ಥರ್ಮಾಕೋಲ್ ಮುಚ್ಚಳದ ಜಾಗಕ್ಕೆ ಇಂಥ ಮೇಣದ ಮುಚ್ಚಳ ಬಂದರೆ ಎಲೆಕ್ಟ್ರೋಸ್ಕೋಪಿಗೆ ಬೇರೆಯೇ ಕಳೆ ಬರುತ್ತದೆ.

ಪಾಲಿಸ್ಟೈರೀನ್ ಬಹಳ ಒಳ್ಳೆಯ ಅವಾಹಕ. ಥರ್ಮಾಕೋಲ್ ಅಂದರೆ ಗಾಳಿ ತುಂಬಿದ ಪಾಲಿಸ್ಟೈರೀನೇ. ಹಗುರ ಸಾಮಾನು ನಿಲ್ಲಿಸಲು ಅದರ ಲೋಟವೊಂದೇ ಸಾಕು. ಥಿನ್ನರ್, ಪೆಟ್ರೋಲ್, ಅಸಿಟೋನ್ ತಾಗಿದರೆ ಕರಗುತ್ತದೆ, ಅಂಟು ಆರಿಸುವಾಗ ನೋಡಿಕೊಳ್ಳಿ.

ಅಕ್ರಿಲಿಕ್ ಗಟ್ಟಿ, ಅಂದ, ಕಂಬಕ್ಕೆ ಹೇಳಿ ಮಾಡಿಸಿದ್ದು. ರೋಧ ಪಾಲಿಥೀನ್‌ಗಿಂತ ಕಡಿಮೆ, ಆದರೆ ನಮ್ಮ ಕೆಲಸಕ್ಕೆ ಸಾಕು. ಸ್ಪಿರಿಟ್‌ನಿಂದ ಒರೆಸಬೇಡಿ. ಮೈ ತುಂಬ ಕೂದಲೆಳೆಯಂಥ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ತೇವ ಕೂರುತ್ತದೆ.

ಪಿವಿಸಿ ಪೈಪ್ ಸುಲಭವಾಗಿ ಸಿಗುತ್ತದೆ, ಒಳ್ಳೆಯದೂ ಹೌದು, ಆದರೆ ಎಲ್ಲ ಪೈಪೂ ಒಂದೇ ಅಲ್ಲ. ತುಂಬುಪುಡಿ ಮತ್ತು ಬಣ್ಣ ಒಂದೊಂದರಲ್ಲಿ ಒಂದೊಂದು ಬಗೆ. ಬಾಗುವ ಮೆತ್ತನೆ ಪಿವಿಸಿಯಲ್ಲಿ ಮೃದುಕಾರಿ ಬೆರೆಸಿರುತ್ತಾರೆ, ಅದರ ರೋಧ ಗಟ್ಟಿ ಪಿವಿಸಿಗಿಂತ ಕಡಿಮೆ. ಪರೀಕ್ಷಿಸದೆ ಬಳಸಬೇಡಿ.

ನೈಲಾನ್ ನೋಡಲು ಪಾಲಿಥೀನ್‌ನಂತೆಯೇ ಇರುತ್ತದೆ, ಆದರೆ ಗಾಳಿಯ ತೇವವನ್ನು ಒಳಕ್ಕೇ ಹೀರಿಕೊಳ್ಳುತ್ತದೆ. ಮೈ ಒರೆಸಿದರೆ ಸಾಲದು, ಒಳಗಿನ ತೇವ ಹೋಗಲು ದಿನಗಳೇ ಬೇಕು. ಕಂಬಕ್ಕೆ ಬೇಡ.

ಕಪ್ಪು ಬಣ್ಣದ ಪ್ಲಾಸ್ಟಿಕ್ ಮತ್ತು ರಬ್ಬರ್ ಕಂಡರೆ ಅನುಮಾನ ಇರಲಿ. ಬಣ್ಣಕ್ಕೂ ಗಟ್ಟಿತನಕ್ಕೂ ಸೇರಿಸುವುದು ಇಂಗಾಲದ ಪುಡಿ, ಅದು ವಾಹಕ. ಪುಡಿ ಜಾಸ್ತಿಯಾದರೆ ರಬ್ಬರ್ ಅನ್ನುವ ಹೆಸರು ಮಾತ್ರ ಉಳಿಯುತ್ತದೆ, ಅವಾಹಕದ ಗುಣ ಹೋಗಿರುತ್ತದೆ. ಎಲೆಕ್ಟ್ರಾನಿಕ್ ಬಿಡಿಭಾಗ ಸುತ್ತಿ ಬರುವ ಗುಲಾಬಿ ಬಣ್ಣದ ಚೀಲ ಮತ್ತು ಸ್ಪಂಜು ಚಾರ್ಜ್ ನಿಲ್ಲಬಾರದು ಅಂತಲೇ ಮಾಡಿದವು. ಅವೂ ಬೇಡ.

ಹಳೆಯ ಕಾಲದವರು ಗಂಧಕವನ್ನು ಎರಕ ಹೊಯ್ದು ಬಳಸುತ್ತಿದ್ದರು, ಅಂಬರ್ ಅನ್ನುವ, ಕಲ್ಲಿನಂತೆ ಗಟ್ಟಿಯಾದ ಪುರಾತನ ಮರದ ರಾಳವನ್ನು ಚಾರ್ಜ್ ಅಳೆಯುವ ಸೂಕ್ಷ್ಮ ಎಲೆಕ್ಟ್ರೋಮೀಟರ್‌ಗಳಿಗೆ ಇಡುತ್ತಿದ್ದರು. ಎರಡೂ ನಿಜಕ್ಕೂ ಅತ್ಯುತ್ತಮ ಅವಾಹಕಗಳು. ಆದರೆ ಗಂಧಕ ಕರಗಿಸುವಾಗ ಹೊತ್ತಿಕೊಂಡರೆ ಏಳುವ ಹೊಗೆ ಶ್ವಾಸಕ್ಕೆ ಕೆಟ್ಟದ್ದು. ಪಾಲಿಥೀನ್ ಸಿಗುವ ಕಾಲದಲ್ಲಿ ಆ ಕಷ್ಟ ಯಾಕೆ?

ದಾರದ ವಿಷಯ

ಹಗುರ ವಸ್ತುವನ್ನು ತೂಗು ಹಾಕಬೇಕಾದಾಗ ದಾರ ಬೇಕು. 1729ರಲ್ಲಿ ಇಂಗ್ಲೆಂಡಿನ ಪ್ರಯೋಗಕಾರರಾದ ಸ್ಟೀಫನ್ ಗ್ರೇ ಮತ್ತು ಗ್ರಾನ್‌ವಿಲ್ ವೀಲರ್ ಉದ್ದನೆಯ ಸೆಣಬಿನ ದಾರದ ಮೂಲಕ ಚಾರ್ಜನ್ನು ದೂರಕ್ಕೆ ಸಾಗಿಸುತ್ತಿದ್ದರು. ಆ ದಾರವನ್ನು ಅಲ್ಲಲ್ಲಿ ತೆಳು ರೇಷ್ಮೆ ಎಳೆಗಳಿಂದ ತೂಗು ಹಾಕಿದ್ದರು. ರೇಷ್ಮೆ ಭಾರ ತಾಳದೆ ತುಂಡಾಯಿತು. ಅಷ್ಟೇ ತೆಳುವಾದ ಹಿತ್ತಾಳೆ ತಂತಿ ಹಾಕಿದರು. ಚಾರ್ಜ್ ತುದಿ ಮುಟ್ಟಲೇ ಇಲ್ಲ. ಎಳೆ ಎಷ್ಟು ತೆಳುವಾಗಿದೆ ಅನ್ನುವುದು ಲೆಕ್ಕಕ್ಕಿಲ್ಲ, ಯಾವುದರಿಂದ ಮಾಡಿದೆ ಅನ್ನುವುದೇ ಲೆಕ್ಕ ಅಂತ ಅವರಿಗೆ ಹೊಳೆದದ್ದು ಆಗ. ವಾಹಕ, ಅವಾಹಕ ಅನ್ನುವ ವಿಂಗಡಣೆಗೆ ದಾರಿಯಾದದ್ದು ಅದೇ ಪ್ರಯೋಗ.

ನಮಗೂ ಅಲ್ಲಿಂದ ಎರಡು ಪಾಠ ಸಿಗುತ್ತವೆ. ಸೆಣಬು, ಹತ್ತಿ, ಇವು ಚಾರ್ಜ್ ಸಾಗಿಸುತ್ತವೆ, ಹಾಗಾಗಿ ತೂಗು ಹಾಕಲು ಬೇಡ. ರೇಷ್ಮೆ ಒಣ ಹವೆಯಲ್ಲಿ ಒಳ್ಳೆಯದು. ಗಾಳದ ದಾರವೂ ನಡೆಯುತ್ತದೆ. ಅದು ನೈಲಾನ್ ಆದರೂ ತೀರಾ ತೆಳುವಾಗಿರುವುದರಿಂದ, ಉದ್ದ ಬಿಟ್ಟರೆ ಸೋರಿಕೆ ಸಹಿಸುವಷ್ಟಿರುತ್ತದೆ. ತೇವದ ದಿನಕ್ಕೆ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್ ಎಳೆ ವಾಸಿ. ಒಂದೇ ಬಗೆಯ ಎರಡು ತುಂಡು ತೆಗೆದು, ಒಂದನ್ನು ಬೆರಳಿನಿಂದ ಸವರಿ, ಇನ್ನೊಂದನ್ನು ಸವರದೆ ಎಲೆಕ್ಟ್ರೋಸ್ಕೋಪಿಗೆ ಮುಟ್ಟಿಸಿ ನೋಡಿ. ಮುಂದಿನ ಹಂತ ಯಾಕೆ ಬೇಕು ಅಂತ ಆಗ ತಾನಾಗೇ ಗೊತ್ತಾಗುತ್ತದೆ.

ಹಂತ 5: ಮೈಯನ್ನು ಸರಿ ಮಾಡಿ

ತೇವದ ದಿನ ಪ್ರಯೋಗ ಕೆಟ್ಟರೆ “ಒದ್ದೆ ಗಾಳಿಯ ಮೂಲಕ ಚಾರ್ಜ್ ಹೋಯಿತು” ಅನ್ನುವುದು ರೂಢಿ. ಅದು ಸರಿಯಲ್ಲ. ತೇವದ ಗಾಳಿಯೂ ಒಳ್ಳೆಯ ಅವಾಹಕವೇ. ಚಾರ್ಜ್ ಹೋಗುವುದು ಕಂಬದ ಮೈಗೆ ಅಂಟಿದ ಕಣ್ಣಿಗೆ ಕಾಣದ ನೀರಿನ ಪೊರೆಯ ಮೇಲೆ. ಆ ನೀರಿಗೆ ಬೆರಳಿನ ಉಪ್ಪು ಸೇರಿದರೆ ಸೋರಿಕೆ ಇನ್ನೂ ಜಾಸ್ತಿ.

ಇದು ಬರಿಯ ವಾದವಲ್ಲ, ಇದರಿಂದ ಉಪಾಯವೂ ಸಿಗುತ್ತದೆ. ಕೋಣೆಯ ಗಾಳಿಯನ್ನೆಲ್ಲ ಒಣಗಿಸಬೇಕಿಲ್ಲ, ಕಂಬದ ಮೈಯನ್ನು ಬೆಚ್ಚಗೆ ಮಾಡಿದರೆ ಸಾಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆರ್ದ್ರತೆ ಶೇಕಡ 80 ಇದೆ ಅಂದುಕೊಳ್ಳಿ. ಅದೇ ಗಾಳಿ 35 ಡಿಗ್ರಿಯ ಮೈಯನ್ನು ತಾಗಿದಾಗ, ಆ ಮೈಯ ಪಕ್ಕದಲ್ಲಿ ಆರ್ದ್ರತೆ ಶೇಕಡ 45ರ ಆಸುಪಾಸಿಗೆ ಇಳಿಯುತ್ತದೆ. ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ಸತ್ತಂತಿದ್ದ ಪ್ರಯೋಗ ಎದ್ದು ಕೂರುವುದು ಇದೇ ಕಾರಣಕ್ಕೆ. ಮೈ ಮತ್ತೆ ತಣ್ಣಗಾದರೆ ತೇವ ಮರಳಿ ಬರುತ್ತದೆ. ಹೊತ್ತು ಹಿಡಿಯುವ ಪ್ರಯೋಗವಾದರೆ ಮುಚ್ಚಿದ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಟ್ಟು ಅಲ್ಲೇ ನಡೆಸಿ.

ತೊಳೆಯುವ ಕ್ರಮ ಹೀಗಿರಲಿ. ಮೊದಲು ಸೋಪಿನ ನೀರು. ಆಮೇಲೆ ಸೋಪಿನ ಲವಲೇಶವೂ ಉಳಿಯದಂತೆ ಚೆನ್ನಾಗಿ ಜಾಲಿಸಿ, ಯಾಕೆಂದರೆ ಉಳಿದ ಸೋಪಿನ ಪೊರೆ ತೇವ ಹಿಡಿದು ಚಾರ್ಜ್ ಸೋರಿಸುತ್ತದೆ. ಕೊನೆಯ ಜಾಲಿಕೆಗೆ ಡಿಸ್ಟಿಲ್ಡ್ ವಾಟರ್ ಬಳಸಿ, ಸಾಧಾರಣ ನೀರು ಒಣಗಿದ ಮೇಲೆ ಲವಣ ಬಿಡುತ್ತದೆ. ಒರೆಸಬೇಡಿ, ನೇತು ಹಾಕಿ ಒಣಗಲು ಬಿಡಿ. ಪಾಲಿಥೀನ್, ಟೆಫ್ಲಾನ್, ಗಾಜು ಇವನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದಲೂ ಒರೆಸಬಹುದು. ಆಮೇಲೆ ಎರಡು ತುದಿ ಬಿಟ್ಟು ನಡುವೆ ಎಲ್ಲೂ ಕೈ ಇಡಬೇಡಿ.

ಗಾಜಿನ ಕಥೆಯೂ ಇಲ್ಲೇ ಬರುತ್ತದೆ. ಗಾಜಿನ ಒಳಗಿನ ರೋಧ ಚೆನ್ನಾಗಿಯೇ ಇದೆ. ಆದರೆ ಅದರ ಮೈಗೆ ನೀರೆಂದರೆ ಪ್ರೀತಿ, ಹನಿ ಕಟ್ಟದೆ ಪೊರೆಯಾಗಿ ಹರಡುತ್ತದೆ. ಬಾಟಲಿಯ ಸಾಧಾರಣ ಗಾಜಿನಲ್ಲಿ ಸೋಡಿಯಂ ಇರುವುದರಿಂದ ಆ ಪೊರೆ ಇನ್ನಷ್ಟು ವಾಹಕವಾಗುತ್ತದೆ. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜು ಅದಕ್ಕಿಂತ ಮೇಲು. ಗಾಜನ್ನೇ ಬಳಸಬೇಕಾದರೆ ತೊಳೆದು, ಒಣಗಿಸಿ, ಬೆಚ್ಚಗೆ ಮಾಡಿ, ಕರಗಿದ ಮೇಣದಲ್ಲಿ ಅದ್ದಿ ತೆಗೆಯಿರಿ. ಅರಗಿನ ವಾರ್ನಿಷ್ ಹಚ್ಚುವುದು ಹಿಂದಿನವರು ಮಾಡುತ್ತಿದ್ದ ಉಪಾಯ, ಈಗಲೂ ಅದು ಕೆಲಸ ಮಾಡುತ್ತದೆ.

ಎಬನೈಟ್ ಅನ್ನುವ ಗಟ್ಟಿ ರಬ್ಬರಿನ ಹಳೆಯ ಸರಳು ಸಿಕ್ಕರೆ ಒಂದು ವಿಷಯ ಗಮನಿಸಿ. ಬೆಳಕಿನಲ್ಲಿ ಬಹಳ ಕಾಲ ಇದ್ದರೆ ಅದರ ಮೈ ಮೇಲಿನ ಗಂಧಕ ಆಮ್ಲವಾಗಿ ಮಾರ್ಪಟ್ಟು ಸೋರಲು ಶುರುವಾಗುತ್ತದೆ. ಹಸಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನುಣುಪು ಮರಳು ಕಾಗದದಿಂದ ಮೇಲ್ಪದರ ತೆಗೆದು, ತೊಳೆದು, ಕತ್ತಲಲ್ಲಿ ಇಡಿ.

ಹಂತ 6: ಉಜ್ಜುವ ಜೋಡಿ

ಇದನ್ನು ಬೇಗ ಮುಗಿಸೋಣ. ಗಾಜು, ಕೂದಲು, ನೈಲಾನ್, ಉಣ್ಣೆ, ರೇಷ್ಮೆ ಧನ ಚಾರ್ಜಿನ ಕಡೆಯವು. ಪಾಲಿಸ್ಟೈರೀನ್, ಪಾಲಿಥೀನ್, ಪಿವಿಸಿ, ಟೆಫ್ಲಾನ್ ಋಣ ಚಾರ್ಜಿನ ಕಡೆಯವು. ಆ ಕಡೆಯದೊಂದು, ಈ ಕಡೆಯದೊಂದು ತೆಗೆದುಕೊಂಡು ಉಜ್ಜಿ. ಪಿವಿಸಿ ಮತ್ತು ಉಣ್ಣೆ ನಂಬಿಕಸ್ತ ಜೋಡಿ. ಮೈಯ ಕೊಳೆ, ಒರಟುತನ ನೋಡಿಕೊಂಡು ಈ ಸಾಲಿನಲ್ಲಿ ಅಕ್ಕಪಕ್ಕದವು ಸ್ಥಾನ ಬದಲಿಸುತ್ತವೆ, ಹಾಗಾಗಿ ಹತ್ತಿರದ ಎರಡನ್ನು ಜೋಡಿ ಮಾಡಬೇಡಿ. ಬಟ್ಟೆ ಮೃದುಗೊಳಿಸುವ ದ್ರವದಲ್ಲಿ ಒಗೆದ ಉಣ್ಣೆಯಿಂದ ಉಪಯೋಗವಿಲ್ಲ, ಆ ದ್ರವ ಇರುವುದೇ ಚಾರ್ಜ್ ಓಡಿಸಲು.

ಹಂತ 7: ನಡುವಿನ ಹಾಳೆ, ಅಂದರೆ ಲೇಡನ್ ಜಾಡಿ

ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ. ಎಷ್ಟು ವೋಲ್ಟ್ ತಡೆಯುತ್ತದೆ? ಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟ್‌ಗೆ ಸೋಲುತ್ತದೆ. ಒಳ್ಳೆಯ ಪ್ಲಾಸ್ಟಿಕ್ ಹಾಳೆಗಳು ಅದಕ್ಕಿಂತ ಹಲವು ಪಟ್ಟು ತಡೆಯುತ್ತವೆ. ಒಂದು ಮಿಲಿಮೀಟರ್ ದಪ್ಪದ, ಗೀರಿಲ್ಲದ ಪಾಲಿಪ್ರೊಪಿಲೀನ್ ಡಬ್ಬಿ ಉಜ್ಜಿ ತುಂಬುವ ಚಾರ್ಜಿಗೆ ಸಾಕು. ತೆಳುವಾದ ಪ್ಲಾಸ್ಟಿಕ್ ಚೀಲವನ್ನು ನಂಬಬೇಡಿ. ಸೂಜಿಮೊನೆಯಷ್ಟು ತೂತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಕಿಡಿ ಅದನ್ನು ಹುಡುಕಿಕೊಂಡು ಹೋಗುತ್ತದೆ. ಒಮ್ಮೆ ತೂತು ಬಿದ್ದ ಡಬ್ಬಿಯನ್ನು ತೇಪೆ ಹಾಕಲು ಹೋಗಬೇಡಿ.

ಹಾಳೆ ತಡೆದರೂ ಕಿಡಿ ಅಂಚನ್ನು ಹತ್ತಿ ಇಳಿಯಬಹುದು. ಒಳಗೂ ಹೊರಗೂ ಫಾಯಿಲನ್ನು ಬಾಯಿಂದ ಕೆಲವು ಸೆಂಟಿಮೀಟರ್ ಕೆಳಗೇ ನಿಲ್ಲಿಸಿ. 20,000 ವೋಲ್ಟ್ ನಿರೀಕ್ಷೆಯಿದ್ದರೆ ಒಳ ಫಾಯಿಲಿನಿಂದ ಹೊರ ಫಾಯಿಲಿಗೆ ಮೈ ಮೇಲಿನ ದಾರಿ 5 ಸೆಂಟಿಮೀಟರಿಗಿಂತ ಕಡಿಮೆ ಇರುವುದನ್ನು ನಾನು ಒಪ್ಪುವುದಿಲ್ಲ. ಕಂಬಗಳಿಗೂ ಇದೇ ನಿಯಮ. ಫಾಯಿಲ್ ಮತ್ತು ಡಬ್ಬಿಯ ನಡುವೆ ಗಾಳಿಗುಳ್ಳೆ ಇರದಂತೆ ಒತ್ತಿ ಅಂಟಿಸಿ.

ಶಕ್ತಿಯ ಲೆಕ್ಕವನ್ನೂ ಹೇಳಲೇಬೇಕು. 150 ಚದರ ಸೆಂಟಿಮೀಟರ್ ಫಾಯಿಲ್, ಒಂದು ಮಿಲಿಮೀಟರ್ ದಪ್ಪದ ಡಬ್ಬಿ ಅಂದರೆ ಸುಮಾರು 300 ಪಿಕೋಫ್ಯಾರಡ್. 20,000 ವೋಲ್ಟ್‌ನಲ್ಲಿ ಅದರೊಳಗಿನ ಶಕ್ತಿ 0.06 ಜೂಲ್. ಬೆಚ್ಚಿಬೀಳಿಸುತ್ತದೆ, ನೋಯುತ್ತದೆ. ದಪ್ಪ ಕಡಿಮೆ ಮಾಡುತ್ತ, ಜಾಡಿಗಳನ್ನು ಒಂದಕ್ಕೊಂದು ಜೋಡಿಸುತ್ತ ಹೋದರೆ ಶಕ್ತಿ ಬೇಗ ಏರುತ್ತದೆ. ಮನೆಯಲ್ಲಿ ಒಂದೇ ಪುಟ್ಟ ಜಾಡಿಗೆ ನಿಲ್ಲಿಸಿ. ಖಾಲಿ ಮಾಡಿದ ಜಾಡಿಯನ್ನೂ ಸುಮ್ನೆ ಮುಟ್ಟಬೇಡಿ. ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡ ಚಾರ್ಜ್ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಫಾಯಿಲಿಗೆ ಬರುತ್ತದೆ. ಒಳ ಹೊರ ಫಾಯಿಲನ್ನು ತಂತಿಯಿಂದ ಸೇರಿಸಿಯೇ ಎತ್ತಿಡಿ. ಖಾಲಿ ಮಾಡುವ ತಂತಿಗೆ 20 ಸೆಂಟಿಮೀಟರಿಗಿಂತ ಉದ್ದದ ಅಕ್ರಿಲಿಕ್ ಅಥವಾ ಪಿವಿಸಿ ಹಿಡಿ ಇರಲಿ.

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಪ್ರಯೋಗದ ಹತ್ತಿರ ಬರಬಾರದು. ಪೆಟ್ರೋಲ್, ಥಿನ್ನರ್, ಗ್ಯಾಸ್ ಇರುವಲ್ಲಿ ಕಿಡಿ ಬೇಡ. ಮೊಬೈಲ್, ಲ್ಯಾಪ್‌ಟಾಪ್ ದೂರ ಇಡಿ. ಮೇನ್ಸ್‌ಗೆ ಜೋಡಿಸಿದ ಹೈವೋಲ್ಟೇಜ್ ಟ್ರಾನ್ಸ್‌ಫಾರ್ಮರಿನಿಂದ ಜಾಡಿ ತುಂಬುವ ಯೋಚನೆಯನ್ನೇ ಮಾಡಬೇಡಿ, ಅದು ಜೀವ ತೆಗೆಯುತ್ತದೆ. ಮೇಲೆ ಹೇಳಿದ್ದೆಲ್ಲ ಉಜ್ಜಿ ಪಡೆದ ಚಾರ್ಜಿಗೆ ಮಾತ್ರ.

ಇಷ್ಟಾದರೂ ಚಾರ್ಜ್ ನಿಲ್ಲದಿದ್ದರೆ

ಅವಾಹಕವನ್ನು ಬೈಯುವ ಮುಂಚೆ ಎಲೆಗಳು ಬೀಳುವ ರೀತಿಯನ್ನು ಗಮನಿಸಿ. ಮೊದಲು ಬೇಗ ಇಳಿದು, ಒಂದು ಮಟ್ಟಕ್ಕೆ ಬಂದು ನಿಂತುಬಿಟ್ಟರೆ, ತಪ್ಪು ಲೋಹದ್ದು. ಎಲ್ಲೋ ಚೂಪು ತುದಿಯಿಂದ ಚಾರ್ಜ್ ಗಾಳಿಗೆ ಚಿಮ್ಮುತ್ತಿದೆ. ವೋಲ್ಟೇಜ್ ಒಂದು ಮಿತಿಗಿಂತ ಕೆಳಗೆ ಬಂದೊಡನೆ ಅದು ನಿಲ್ಲುತ್ತದೆ. ದೊಡ್ಡ ಸಾಧನವಾದರೆ ಸಣ್ಣ ಸುಸ್ ಸದ್ದು ಕೇಳಬಹುದು, ಕತ್ತಲಲ್ಲಿ ನೇರಳೆ ಮಿನುಗೂ ಕಾಣಬಹುದು. ಅಂಚುಗಳನ್ನು ಸುರುಳಿ ಮಾಡಿ ನುಣ್ಣಗಾಗಿಸಿ.

ಹಾಗಲ್ಲದೆ ಎಲೆಗಳು ಎಲ್ಲೂ ನಿಲ್ಲದೆ ಪೂರ್ತಿ ಕೆಳಗಿಳಿದರೆ ಸೋರುತ್ತಿರುವುದು ಅವಾಹಕ. ಡ್ರೈಯರ್ ಹಿಡಿದು ಬೆಚ್ಚಗೆ ಮಾಡಿ ಮತ್ತೆ ನೋಡಿ. ಸುಧಾರಿಸಿದರೆ ತೊಂದರೆ ಮೈಯಲ್ಲಿದೆ, ತೊಳೆಯಿರಿ ಅಥವಾ ಮೇಣ ಹಚ್ಚಿ. ಏನೂ ಬದಲಾಗದಿದ್ದರೆ ತೊಂದರೆ ವಸ್ತುವಿನ ಒಳಗೇ ಇದೆ. ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಬೇರೆ ತುಂಡು ಹುಡುಕಿ.

ಪರೀಕ್ಷೆಯಲ್ಲಿ ಗೆದ್ದ ತುಂಡುಗಳನ್ನು ಶುದ್ಧವಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಹಿಡಿಯಬೇಕಾದ ತುದಿಗೆ ಟೇಪಿನ ಗುರುತು ಹಾಕಿ. ಪಾಲಿಥೀನ್ ಮತ್ತು ನೈಲಾನ್ ಕಣ್ಣಿಗೆ ಒಂದೇ ತರ ಕಾಣುತ್ತವೆ, ಆದ್ದರಿಂದ ಆ ಟೇಪಿನ ಮೇಲೆಯೇ ವಸ್ತುವಿನ ಹೆಸರನ್ನೂ ಬರೆದಿಡಿ.